ಹೊಳೆ ತಂದ ತುಂಡು ಯಾರದು

ಗೆಳೆಯರೇ, ಇವತ್ತು ಬೆಳಿಗ್ಗೆ ನಮ್ಮ ಅಂಗಳದಲ್ಲಿ ಒಂದು ಮರದ ತುಂಡಿನ ಪಂಚಾಯ್ತಿ ನಡೆಯಿತು. ಕೃಷ್ಣೆಯ ನೀರು ಇಳಿದ ಮೇಲೆ ಯಡೂರಿನ ದಂಡೆಯ ಕೆಸರಿನಲ್ಲಿ ಸಿಕ್ಕಿಕೊಂಡಿದ್ದ ಅದನ್ನು ನಾನೂ ಅವ್ವನೂ ನಿನ್ನೆ ಬಂಡಿಯಲ್ಲಿ ಹೇರಿಕೊಂಡು ಬಂದಿದ್ದೆವು. ನೀರೊಲೆಗೆಂದು ಸೀಳಲು ಹೊರಟಾಗ ಹಿಂದಿನ ಓಣಿಯ ಬಾಳು ಕಾಕಾ ಬಂದರು.

“ಇದು ನಮ್ಮ ಹೊಲದಾಗಿನ ಬೇವು. ಮಹಾಪೂರಕ್ಕ ಕಿತ್ತು ಹೋಗಿತ್ತು,” ಎಂದರು.

ಅವ್ವ ಕೊಡಲಿಯಿಂದ ಒಂದು ಚಕ್ಕೆ ಎಬ್ಬಿಸಿ ಅವರ ಕೈಗಿಟ್ಟಳು. “ಅಗದ ನೋಡ್ರಿ.”

ಕಾಕಾ ಅಗಿದರು. “ಕಹಿ ಇಲ್ಲ. ಒಗರ ಐತಿ.”

“ಒಳಗ ಕೆಂಪಗೂ ಐತಿ. ಇದು ಜಾಲಿ ಐತ್ರಿ.”

ಕಾಕಾ ಸ್ವಲ್ಪ ಯೋಚಿಸಿದರು. “ಹಂಗಾರ ನಮ್ಮ ಬದುವಿನ ಜಾಲಿ ಇರಬೇಕು.”

ಅವ್ವನಿಗೆ ಸಿಟ್ಟು ಬಂತು. “ನಿಮ್ದಾದ್ರ ಈಗ ಒಯ್ರಿ.”

ಅವರು ಒಂದು ತುದಿ ಎತ್ತಿ ನೋಡಿ ಮೆಲ್ಲಗೆ ಕೆಳಗಿಟ್ಟರು. “ಬಾಳ ಹಸಿ ಐತಿ. ದೀಪಾವಳಿತನಕ ಇಲ್ಲೇ ಒಣಗಲಿ, ಆಮ್ಯಾಲ ನೋಡೂಣು.”

ಮಧ್ಯಾಹ್ನ ನಾನೂ ಅವ್ವನೂ ಸೇರಿ ಅದನ್ನು ಸೀಳಿದೆವು. ಗಾಳಿಯಾಡುವಂತೆ ಇಟ್ಟಿಗೆಯ ಮೇಲೆ ಅಡ್ಡ ಉದ್ದ ಒಟ್ಟಿ, ಮೇಲೊಂದು ತಗಡು ಹೊದಿಸಿದೆವು. ಕಟ್ಟಿಗೆ ಯಾರದೆಂಬುದು ಇನ್ನೂ ತೀರ್ಮಾನವಾಗಿಲ್ಲ. ಒಣಗಿಸುವ ಕೆಲಸ ಮಾತ್ರ ನಮ್ಮದೆಂದು ಆಗಿದೆ.