ಬಲಗಡೆ ಸೀಟಿನ ಎರಡು ತೂತು

ಅವತ್ತು ನಡೆದದ್ದೇನು ಎಂದು ಯಾರಾದರೂ ಪ್ರಮಾಣ ಮಾಡಿಸಿ ಕೇಳಿದರೆ ನಾನು ಪೂರ್ತಿ ಹೇಳಲಾರೆ. ಲಾರಿಯಲ್ಲಿ ಸೌದೆಯಿತ್ತೋ ಇಟ್ಟಿಗೆಯಿತ್ತೋ, ರೈಲ್ವೆ ಗೇಟು ಹಾಕಿ ಎಷ್ಟು ಹೊತ್ತಾಗಿತ್ತೋ, ಗುದ್ದಿದ ಮೇಲೆ ಮೊದಲು ಬಾಯಿ ಬಿಟ್ಟವರು ಯಾರೋ... ಕೆಲವನ್ನು ಆಮೇಲೆ ನಾನೇ ಸೇರಿಸಿಕೊಂಡಿರಬಹುದು. ಒಂದೇ ಸಂಗತಿಯನ್ನು ನಲವತ್ತು ವರ್ಷ ಮುಟ್ಟಿ ಮುಟ್ಟಿ ನೋಡಿದರೆ ಅದು ಸವೆಯುತ್ತದೆ, ಮುಟ್ಟಿದವನ ಬೆರಳಿನ ಕೊಳೆಯೂ ಅದಕ್ಕೆ ಹತ್ತುತ್ತದೆ.

ಹೋದ ತಿಂಗಳು ಸಾಗರದ ಒಂದು ಕುಶನ್ ಅಂಗಡಿಗೆ ಹೋಗಿದ್ದೆ, ಕಾರಿಗೆ ಸೀಟ್ ಕವರ್ ಹೊಲಿಸಲು. ಒಳಗೆಲ್ಲ ಹೊಸ ರೆಕ್ಸಿನ್ನಿನ ವಾಸನೆ, ಅದರೊಂದಿಗೆ ಅಂಟಿನ ಘಾಟು. ಕೆಲಸದವನು ನಾಲ್ಕೂ ಹೆಡ್‌ರೆಸ್ಟ್ ಕಿತ್ತು ಬೆಂಚಿನ ಮೇಲೆ ತಲೆಕೆಳಗಾಗಿ ಇಟ್ಟಿದ್ದ. ಒಂದೊಂದರದೂ ಎರಡೆರಡು ಉಕ್ಕಿನ ಕಡ್ಡಿಗಳು ಮೇಲ್ಮುಖವಾಗಿ ನಿಂತಿದ್ದವು.

"ಸಾರ್, ಹಿಂದಿನವು ಎರಡು ವಾಪಸ್ ಹಾಕೋದು ಬ್ಯಾಡ ಅಲ್ವಾ? ಕನ್ನಡೀಲಿ ನೋಡಕ್ಕೆ ಅಡ್ಡ ಬತ್ತವೆ. ಸುಮಾರು ಜನ ತೆಗೆಸ್ತಾರೆ."

ನಾನು ಕೂಗಾಡಿಬಿಟ್ಟೆ. ಆ ಬೈಗುಳ ಅವನಿಗೆ ಸೇರಿದ್ದಲ್ಲ ಎಂದು ಅವನಿಗೆ ಹೇಗೆ ತಿಳಿಯಬೇಕು?

ಎಂಬತ್ತರ ದಶಕದ ಆರಂಭದಲ್ಲಿ, ಭೌತಶಾಸ್ತ್ರದ ಎಂ.ಎಸ್ಸಿ. ಮುಗಿಸಿ, ತೀರ್ಥಹಳ್ಳಿಯಲ್ಲಿ ಪಾಠ ಹೇಳಲು ಸೇರಿದ್ದೆ. ಗೋಡೆಗೆ ಗೋಡೆ ಅಂಟಿದ ಬಾಡಿಗೆ ಮನೆಗಳ ಸಾಲು. ಪಕ್ಕದ ಮನೆಯವರು ಒಂದು ಅಕ್ಕಿ ಮಿಲ್ಲಿನ ಯಜಮಾನರ ಕಾರು ಓಡಿಸುತ್ತಿದ್ದರು. ಇಡೀ ಸಾಲು ಅವರನ್ನು ಡ್ರೈವರಣ್ಣ ಎನ್ನುತ್ತಿತ್ತು, ನಾನೂ ಹಾಗೇ ಕರೆಯುತ್ತಿದ್ದೆ. ನಮ್ಮ ಓಣಿಯಲ್ಲಿ ಕಾರು ತಿರುಗಿಸಲು ಜಾಗವಿರಲಿಲ್ಲ. ಅವರು ಎಡಗೈಯನ್ನು ಪಕ್ಕದ ಸೀಟಿನ ಮೇಲೆ ಚಾಚಿ, ಕುತ್ತಿಗೆಯನ್ನು ಗೂಬೆಯ ಹಾಗೆ ಪೂರ್ತಿ ಹಿಂದಕ್ಕೆ ತಿರುಗಿಸಿ, ಒಂದೇ ಏಟಿಗೆ ರಸ್ತೆಗೆ ತೆಗೆಯುತ್ತಿದ್ದರು. ಕನ್ನಡಿ ನೋಡುವುದಿಲ್ಲವೇ ಎಂದು ಕೇಳಿದ್ದಕ್ಕೆ, "ಕನ್ನಡಿ ಇರೋದು ಕ್ರಾಪು ಬಾಚಕ್ಕೆ ಮೇಷ್ಟ್ರೇ. ಹಿಂದೆ ನೋಡಕ್ಕೆ ದೇವರು ಕುತ್ತಿಗೆ ಕೊಟ್ಟಿದಾನೆ" ಎಂದಿದ್ದರು.

ಯಜಮಾನರು ಬೊಂಬಾಯಿಯಿಂದ ಒಂದು ಹಳೆಯ ಕಾರು ತರಿಸಿದರು. ಮುಂದಿನ ಎರಡು ಸೀಟಿನ ಮೇಲೂ ಹೆಡ್‌ರೆಸ್ಟ್ ಇದ್ದವು. ನಮ್ಮ ಕಡೆ ಆಗ ಅದು ಅಪರೂಪ. ಸಂಜೆ ಪೇಪರ್ ಓದಲು ನಾನು ಮಿಲ್ಲಿನ ಜಗಲಿಗೆ ಹೋಗುತ್ತಿದ್ದೆ. ಯಜಮಾನರು ಕೇಳಿದರು: "ಏನಂತಾರೆ ಮೇಷ್ಟ್ರೇ ಇದಕ್ಕೆ?"

"ಹೆಡ್ ರೆಸ್ಟ್. ಅಂದರೆ ತಲೆಗೆ ವಿಶ್ರಾಂತಿ."

ಹೀಗೆ ಹೇಳಿದ್ದು ನಾನೇ ಎಂದು ನನ್ನ ನೆನಪು ಹೇಳುತ್ತದೆ. ನನ್ನನ್ನೇ ಹೊಡೆದುಕೊಳ್ಳಲು ಇದನ್ನು ಕಟ್ಟಿಕೊಂಡೆನೋ ಎಂಬ ಅನುಮಾನವೂ ಇದೆ. ಆದರೆ ಆ ಜಗಲಿಯಲ್ಲಿ ಇಂಗ್ಲಿಷಿಗೆ ಅರ್ಥ ಹೇಳಲು ಬೇರೆ ಯಾರಿದ್ದರು?

"ಹಂಗಾದ್ರೆ ತಲೆದಿಂಬು ಅನ್ನಿ," ಎಂದರು ಯಜಮಾನರು. "ಗಾಡಿ ಹೊಡೆಯೋನಿಗೆ ದಿಂಬು ಕೊಟ್ರೆ ಆಗುಂಬೆ ಘಾಟೀಲಿ ಗೊರಕೆ ಹೊಡೀತಾನೆ. ಅವನ ಕಡೇದು ಕೀಳ್ಸಿ. ನಂದು ಇರಲಿ."

ಮರುದಿನವೇ ಕಿತ್ತರು. ಡ್ರೈವರಣ್ಣ ಓಣಿಯಲ್ಲೆಲ್ಲ ಹೇಳಿಕೊಂಡು ನಗಿಸಿದರು: "ಯಜಮಾನ್ರಿಗೆ ನಿದ್ದೆ ಮಾಡಕ್ಕೆ ದಿಂಬು, ನಂಗೆ ಎಚ್ಚರ ಇರಕ್ಕೆ ಎರಡು ತೂತು." ಆಯುಧಪೂಜೆಯ ದಿನ ಆ ತೂತಿಗೆ ಊದುಬತ್ತಿ ಸಿಕ್ಕಿಸಿ, "ಖಾಲಿ ಯಾಕೆ ಬಿಡೋದು?" ಎಂದರು. ನಾನೂ ನಕ್ಕೆ.

ಮುಂದಿನ ಬೇಸಿಗೆಯಲ್ಲಿ ಮಿಲ್ಲಿನ ಯಂತ್ರದ ಒಂದು ಭಾಗ ತರಲು ಅವರು ಸಾಗರಕ್ಕೆ ಹೊರಟಿದ್ದರು. ನನಗೂ ಅಲ್ಲಿ ಕೆಲಸವಿತ್ತು. ಯಜಮಾನರ ಜಾಗದಲ್ಲಿ, ಎಡಗಡೆ, ನಾನು ಕೂತೆ. ಹೊಸನಗರದಲ್ಲಿ ಚಹಾ ಕುಡಿದೆವು. ಸಾಗರದ ಹತ್ತಿರ ರೈಲ್ವೆ ಗೇಟು ಹಾಕಿತ್ತು. ಯಾವ ಗೇಟು ಎಂದು ಈಗ ಖಚಿತವಿಲ್ಲ. ನಿಂತಿದ್ದೆವು. ಹಿಂದಿನಿಂದ ಒಂದು ಲಾರಿ, ಬ್ರೇಕು ಹಿಡಿಯದೆ, ಹೆಚ್ಚು ವೇಗವೂ ಇಲ್ಲದೆ ಬಂದು ದಬ್ಬೆಂದು ಗುದ್ದಿತು. ನನ್ನ ತಲೆ ಹಿಂದಕ್ಕೆ ಹೋಗಿ ಮೆತ್ತನೆಯದಕ್ಕೆ ತಾಗಿ ನಿಂತಿತು. ಕಾರಿನ ಹಿಂದಿನ ಡಿಕ್ಕಿ ಸ್ವಲ್ಪ ನೆಗ್ಗಿತ್ತು. ಗಾಜು ಒಡೆಯಲಿಲ್ಲ, ಒಂದು ಹನಿ ರಕ್ತ ಬರಲಿಲ್ಲ. ಡ್ರೈವರಣ್ಣ ಇಳಿದು ಲಾರಿಯವನ ಜನ್ಮ ಜಾಲಾಡಿ, ಕುತ್ತಿಗೆ ನೀವಿಕೊಳ್ಳುತ್ತಾ ಬಂದು ಕೂತರು.

ಮರುದಿನ ಬೆಳಿಗ್ಗೆ ಅವರಿಗೆ ಕುತ್ತಿಗೆ ಎತ್ತಲಾಗಲಿಲ್ಲ. ನಾಲ್ಕು ದಿನಕ್ಕೆ ಕೈಬೆರಳು ಜೋಮು ಹಿಡಿಯತೊಡಗಿತು. ಶಿವಮೊಗ್ಗದಲ್ಲಿ ಎಕ್ಸ್‌ರೇ ತೆಗೆಸಿದರು. ಮೂಳೆ ಸರಿಯಾಗಿದೆ ಎಂದು ಡಾಕ್ಟರು ಕಳಿಸಿದರು. ತಿಂಗಳಾದರೂ ಸ್ಟೇರಿಂಗ್ ಹಿಡಿಯಲಾಗದಿದ್ದಾಗ ಯಜಮಾನರು ಅವರನ್ನು ಜಗಲಿಗೆ ಕರೆಸಿದರು. ನನ್ನನ್ನೂ ಕರೆಸಿದರು. ಕೆಲಸ ಉಳಿಯುತ್ತದೋ ಹೋಗುತ್ತದೋ ಎಂಬುದು ಅವತ್ತೇ ತೀರ್ಮಾನವಾಗಬೇಕಿತ್ತು.

"ಮೇಷ್ಟ್ರೇ, ನೀವು ಪಕ್ಕದಲ್ಲೇ ಕೂತಿದ್ರಲ್ಲ. ನಿಮಗೇನಾಯ್ತು?"

"ನನಗೇನೂ ಆಗಲಿಲ್ಲ."

"ಕೇಳ್ಕಂಡ್ಯನಾ? ಅದೇ ಗಾಡಿ, ಅದೇ ಗುದ್ದು. ಓದಿದೋರು ಹೇಳ್ತಿದಾರೆ."

ಡ್ರೈವರಣ್ಣ ನನ್ನ ಕಡೆ ತಿರುಗಿದರು. ಕುತ್ತಿಗೆಯನ್ನಲ್ಲ, ಇಡೀ ಮೈಯನ್ನು ತಿರುಗಿಸಿದರು. "ನೋವು ಬಿಚ್ಚಿ ತೋರಿಸಂಗಿದ್ರೆ ತೋರಿಸ್ತಿದ್ದೆ ಮೇಷ್ಟ್ರೇ. ನೀವಾದ್ರೂ ಹೇಳಿ."

ನಾನು ಅಲ್ಲಿಗೆ ನಿಲ್ಲಿಸಬಹುದಿತ್ತು. ಯಾರೂ ಕೇಳದಿದ್ದರೂ, ಅಷ್ಟು ನಿಧಾನದ ಗುದ್ದಿಗೆ ಪೆಟ್ಟಾಗುವ ಸಾಧ್ಯತೆ ಕಡಿಮೆ ಎಂದು ವಿವರಿಸಿದೆ. ಪುರಾವೆಯಿಲ್ಲದೆ ಏನನ್ನೂ ನಂಬಬಾರದೆಂಬುದು ಆಗ ನನ್ನ ಜಂಬ. ಆ ಜಂಬದ ಮುಖಕ್ಕೆ ಈಗ ಉಗಿಯಬೇಕೆನಿಸುತ್ತದೆ. ಅದೇ ನಾನು ಪ್ರತಿ ವರ್ಷ ಕ್ಲಾಸಿನಲ್ಲಿ ಬೋರ್ಡಿನ ಮುಂದೆ ನಿಂತು, ಕಂಡಕ್ಟರ್ 'ರೈಟ್' ಎಂದು ಬಸ್ಸು ತಟ್ಟನೆ ಹೊರಟರೆ ನಿಂತವರು ಹಿಂದಕ್ಕೆ ಯಾಕೆ ವಾಲುತ್ತಾರೆ ಎಂದು ಹುಡುಗರನ್ನು ಕೇಳುತ್ತಿದ್ದೆ. ಉತ್ತರ ಗೊತ್ತಿದ್ದವನು ನಾನು. ಹಿಂದಿನಿಂದ ಗುದ್ದಿದಾಗ ಸೀಟು ಮೈಯನ್ನು ಮುಂದೆ ತಳ್ಳುತ್ತದೆ, ತಲೆ ಇದ್ದಲ್ಲೇ ಉಳಿಯುತ್ತದೆ, ಎರಡರ ನಡುವೆ ಸಿಕ್ಕಿಕೊಳ್ಳುವುದು ಕುತ್ತಿಗೆ. ಇದನ್ನು ಜಗಲಿಯ ಮೇಲೆ ಹೇಳಲು ಹೊಸ ವಿಜ್ಞಾನವೇನೂ ಬೇಕಿರಲಿಲ್ಲ.

ಅವರ ಕೆಲಸ ಹೋಯಿತು. ಕುತ್ತಿಗೆಗೆ ಟವೆಲ್ ಸುತ್ತಿಕೊಂಡು, ಯಾರಾದರೂ ಕರೆದರೆ ನಿಂತು ಇಡೀ ಮೈ ತಿರುಗಿಸುತ್ತಿದ್ದರು, ಬಾಸಿಂಗ ಕಟ್ಟಿದ ಗಂಡಿನ ಹಾಗೆ. ಊರಿನವರು ಅದಕ್ಕೂ ಒಂದು ಹೆಸರು ಕೊಟ್ಟರು. "ಮದುಮಗ ಬಂದ, ದಾರಿ ಬಿಡಿ," ಎನ್ನುತ್ತಿದ್ದರು ಹೋಟೆಲಿನಲ್ಲಿ. ಅವರು ನಗುತ್ತಲೇ ಹೇಳುತ್ತಿದ್ದರು, "ಮುಯ್ಯಿ ಎಲ್ಲಿ, ತೆಗೀರಿ." ಅವರ ಹೆಂಡತಿಯನ್ನು ನಾನು ಅತ್ತಿಗೆ ಎನ್ನುತ್ತಿದ್ದೆ. ಬಾವಿಕಟ್ಟೆಯಲ್ಲಿ ಅವರು ಒಂದೇ ಸಲ ಆ ಮಾತೆತ್ತಿದರು: "ನಿಮ್ಮ ಡ್ರೈವರಣ್ಣಂಗೆ ನಾಟಕ ಬರಂಗಿದ್ರೆ ಗಾಡಿ ಯಾಕೆ ಹೊಡೀತಿದ್ರು ಮೇಷ್ಟ್ರೇ? ಯಕ್ಷಗಾನದ ಮೇಳ ಸೇರ್ತಿದ್ರು." ಕೊಡ ಎತ್ತಿಕೊಂಡು ಹೋದರು.

ಮುಂದಿನ ವರ್ಷ ಅವರು ಮನೆ ಖಾಲಿ ಮಾಡಿ ಹೊಸನಗರದ ಕಡೆ ಅತ್ತಿಗೆಯ ತವರಿಗೆ ಹೋದರು. ಕೆಲವು ವರ್ಷಗಳಲ್ಲಿ ತೀರಿಕೊಂಡರೆಂದು ಕೇಳಿದೆ. ಅವರ ಸಾವಿಗೂ ಆ ಗುದ್ದಿಗೂ ಸಂಬಂಧವಿದೆ ಎನ್ನಲು ನನ್ನಲ್ಲಿ ಆಧಾರವಿಲ್ಲ. ಸುದ್ದಿ ಬಂದ ಮೇಲೆ ಎಷ್ಟೋ ದಿನಕ್ಕೆ, ಗೆಳೆಯನೊಬ್ಬನ ಹೊಸ ಕಾರಿನ ಜೊತೆ ಬಂದ ಪುಸ್ತಕ ತಿರುವಿಹಾಕುತ್ತಾ ಇದ್ದೆ. ಹೆಡ್‌ರೆಸ್ಟ್ ಇರುವುದು ಮಲಗಲಿಕ್ಕಲ್ಲ, ಹಿಂದಿನಿಂದ ಗುದ್ದಿದಾಗ ತಲೆ ಹಿಂದಕ್ಕೆ ಚಿಮ್ಮದಂತೆ ತಡೆಯಲಿಕ್ಕೆ ಎಂದಿತ್ತು. ನಾಲ್ಕು ಸಾಲು. ಪುಸ್ತಕ ಮಡಚಿಟ್ಟೆ.

ಸಾಗರದ ಅಂಗಡಿಯವನು ಕೊನೆಗೆ ನಾಲ್ಕನ್ನೂ ವಾಪಸ್ ಕೂರಿಸಿದ. "ಬೇಜಾರು ಮಾಡ್ಕೋಬ್ಯಾಡಿ ಸಾರ್," ಎಂದ. ನನ್ನ ಕ್ಷಮೆ ಕೇಳಬೇಕಾದವನು ಅವನಲ್ಲ. ನಾನು ಕೇಳಬೇಕಾದವರು ಈಗಿಲ್ಲ. ಯಜಮಾನರೂ ಹೋದರು, ಮಿಲ್ಲೂ ಮುಚ್ಚಿತು. ಈ ಕಥೆಗೆ ಸಾಕ್ಷಿ ಎಂದು ಉಳಿದಿರುವುದು ನನ್ನ ನೆನಪೊಂದೇ, ಅದನ್ನು ನಾನೇ ನಂಬುವುದಿಲ್ಲ.

ಒಂದನ್ನು ಮಾತ್ರ ಪರೀಕ್ಷಿಸಿದ್ದೇನೆ. ಆ ಪುಸ್ತಕ ಓದಿದ ಬೇಸಿಗೆಯಲ್ಲಿ, ಕೊಂಡವರಿಂದ ಕೊಂಡವರನ್ನು ವಿಚಾರಿಸುತ್ತಾ ಹೋಗಿ, ಹೊಸನಗರದ ಒಂದು ಗ್ಯಾರೇಜಿನ ಹಿತ್ತಿಲಲ್ಲಿ ಯಜಮಾನರ ಆ ಕಾರನ್ನು ಪತ್ತೆ ಮಾಡಿದೆ. ಚಕ್ರ ಇರಲಿಲ್ಲ, ಒಳಗೆ ಕೋಳಿ ಕೂತಿತ್ತು. ಎಡಗಡೆ ಕೂತು ತಲೆ ಹಿಂದಕ್ಕೆ ಹಾಕಿದೆ, ಹೆಡ್‌ರೆಸ್ಟಿಗೆ ತಾಗಿತು. ಬಲಗಡೆ ಕೂತು ತಲೆ ಹಿಂದಕ್ಕೆ ಹಾಕಿದೆ, ಏನೂ ತಾಗಲಿಲ್ಲ. ಕೈಯಿಂದ ತಡಕಿ ನೋಡಿದೆ. ಸೀಟಿನ ಮೇಲೆ ಎರಡು ತೂತು, ಒಂದರಲ್ಲಿ ಊದುಬತ್ತಿಯ ಕಡ್ಡಿ ಇನ್ನೂ ಇತ್ತು.