ಓದಿದ ಹಾಳೆ ವಾಪಸು ಕೊಡಿ

ಕಳೆದ ತಿಂಗಳು ನಮ್ಮೂರಿನ ಒಂದು ಹೈಸ್ಕೂಲಿನಲ್ಲಿ, ಓದಿದ್ದು ಮಕ್ಕಳಿಗೆ ಎಷ್ಟು ಅರ್ಥವಾಗುತ್ತದೆ ಎಂದು ಅಳೆದರು. ಅಳೆಯುವ ಮೊದಲು, ಓದಲು ಕೊಟ್ಟಿದ್ದನ್ನು ಕಿತ್ತುಕೊಂಡರು.

ತಮಾಷೆಯಲ್ಲ. ನಾನೇ ಅಲ್ಲಿದ್ದೆ. (ಬುಧವಾರ ಎಂದು ನನ್ನ ನೆನಪು. ಗುರುವಾರ ಎನ್ನುತ್ತಾಳೆ ಹೆಂಡತಿ. ಅವಳನ್ನೇ ನಂಬಿ.)

ಇದು ಹೊಸ ಬಗೆಯ ಟೆಸ್ಟು. ಎಲ್ಲ ಶಾಲೆಗೂ ಒಂದೇ ಪ್ರಶ್ನೆ, ಒಂದೇ ಅವಧಿ. ಚಾಮರಾಜಪುರಂನ ವಕೀಲರ ಮಗನಿಗೂ ಮೇಟಗಳ್ಳಿಯ ಕೂಲಿಯವನ ಮಗನಿಗೂ ಒಂದೇ ತಕ್ಕಡಿ. ಕೇಳಲು ಚೆನ್ನಾಗಿದೆ, ಅಲ್ಲವೇ? ಬಂದ ಮಾರ್ಕಿನ ಮೇಲೆ ಮಕ್ಕಳನ್ನು ಸೈನ್ಸ್ ವಿಭಾಗಕ್ಕೋ ಹೊಲಿಗೆ ವಿಭಾಗಕ್ಕೋ ಕಳಿಸುತ್ತಾರೆ.

ಅಲ್ಲಿನ ಹೆಡ್‌ಮಾಸ್ಟರು ಕಾಲೇಜಿನಲ್ಲಿ ನನಗಿಂತ ಒಂದು ವರ್ಷ ಮುಂದಿದ್ದವರು. ಮೇಲ್ವಿಚಾರಣೆಗೆ ಜನ ಸಾಲದೆ ನನ್ನನ್ನು ಕರೆದರು. "ಎಂ.ಎ. ಮಾಡ್ಕೊಂಡು ಪೇಪರಿಗೆ ಹರಟೆ ಬರೀತೀರಿ. ಒಂದಿನವಾದ್ರೂ ಕೆಲಸ ಮಾಡಿ ಬನ್ನಿ ಸ್ವಾಮಿ."

ಹೋದೆ. ಮಕ್ಕಳಿಗೆ ಒಂದೊಂದು ಹಾಳೆ ಕೊಟ್ಟೆವು. ಹೂಳು ತುಂಬಿದ ಕೆರೆಯೊಂದರ ಮೇಲಿನ ಲೇಖನ. ಓದಿದರು. ಗಂಟೆ ಹೊಡೆಯಿತು. ಹಾಳೆಗಳನ್ನೆಲ್ಲ ವಾಪಸು ತೆಗೆದುಕೊಳ್ಳಿ ಎಂದರು ಹೆಡ್‌ಮಾಸ್ಟರು. ಆಮೇಲೆ ಪ್ರಶ್ನೆಪತ್ರಿಕೆ ಕೊಡಿಸಿದರು.

"ಇದೇಕೆ ವಾಪಸು?" ಎಂದೆ.

"ಮತ್ತೆ? ಎದುರಿಗಿಟ್ಕೊಂಡು ಬರೆದ್ರೆ ಕಾಪಿ ಆಗೋಲ್ವೇನ್ರೀ?"

ಅವರದು ಮೋಸವಲ್ಲ, ಅಭ್ಯಾಸ. ಮಗ್ಗಿಯಿಂದ ಹಿಡಿದು ಎಂ.ಎ.ವರೆಗೆ ನಾವೆಲ್ಲ ಬಾಯಿಪಾಠ ಒಪ್ಪಿಸಿಯೇ ಮೇಲೆ ಬಂದವರು. ಪುಸ್ತಕ ತೆರೆದಿದ್ದರೆ ಅದು ಪರೀಕ್ಷೆ ಎನ್ನಿಸಿಕೊಳ್ಳುವುದಾದರೂ ಹೇಗೆ?

ಒಬ್ಬ ಹುಡುಗಿ ಎದ್ದು ನಿಂತಳು. ಲಕ್ಷ್ಮಿ. ದೇವರಾಜ ಮೊಹಲ್ಲಾದಲ್ಲಿ ಬಾಳೆ ಎಲೆ ವ್ಯಾಪಾರ ಮಾಡುವ ನಂಜೇಗೌಡರ ಮಗಳು. ನಮ್ಮ ಮನೆಗೆ ಹಬ್ಬದ ಎಲೆ ಅವರಲ್ಲಿಂದಲೇ. ಡಾಕ್ಟರಾಗುತ್ತೇನೆ ಎಂದು ಅಂಗಡಿಗೆ ಬಂದವರಿಗೆಲ್ಲ ಹೇಳುವ ಹುಡುಗಿ.

"ಸಾರ್, ಆ ಹಾಳೆ ಇನ್ನೊಂದ್ಸಲ ನೋಡ್ಬೇಕು."

"ಏನ್ ನೋಡ್ತೀಯಮ್ಮ?" ಎಂದರು ಹೆಡ್‌ಮಾಸ್ಟರು.

"ಊರೋರು ಸೋಮಾರಿಗಳು ಅಂತ ಬರೆದವರೇ ಹೇಳ್ತಾರೋ, ಇಲ್ಲಾ ತಾಲ್ಲೂಕಿನ ಅಮಲ್ದಾರರು ಅಂದಿದ್ದನ್ನ ಬರೆದಿದ್ದಾರೋ ಅಂತ."

ಇದನ್ನೇ ಅಲ್ಲವೇ ಓದುವುದು ಎನ್ನುವುದು? ಹೆಡ್‌ಮಾಸ್ಟರು ನನ್ನ ಕಡೆ ತಿರುಗಿ, "ಪರೀಕ್ಷೇಲಿ ಪಾಠ ಕೇಳ್ತಾಳೆ ನೋಡ್ರೀ" ಎಂದರು. ಮತ್ತೆ ಅವಳಿಗೆ, "ಗೊತ್ತಿದ್ರೆ ಬರಿ, ಇಲ್ದಿದ್ರೆ ಬುಡು ಕಣಮ್ಮ."

ಕ್ಲಾಸು ನಕ್ಕಿತು. ಅವಳು ಆ ಪ್ರಶ್ನೆ ಬಿಟ್ಟಳು. ಆ ಒಂದರ ಮೇಲೆ ನಿಂತಿದ್ದ ಉಳಿದ ಪ್ರಶ್ನೆಗಳನ್ನೂ ಬಿಟ್ಟಳು. ಅನುಮಾನವಿದ್ದದ್ದನ್ನು ಬರೆಯುವ ಜಾಯಮಾನ ಅವಳದಲ್ಲ.

ಫಲಿತಾಂಶ ಬಂತು. ಕೆರೆಯ ಲೇಖನವನ್ನು ಗಿಳಿಯ ಹಾಗೆ ಒಪ್ಪಿಸಿದವರಿಗೆ ಸೈನ್ಸು. ಲಕ್ಷ್ಮಿಯ ಹೆಸರಿನ ಮುಂದೆ "ಗ್ರಹಣಶಕ್ತಿ ಸಾಲದು". ಹೊಲಿಗೆ.

ನಂಜೇಗೌಡರು ಮನೆಗೆ ಬಂದರು. ಕೂರಿ ಎಂದರೂ ಕೂರಲಿಲ್ಲ. "ನೀವೂ ಅಲ್ಲಿದ್ರಂತಲ್ಲ ಸ್ವಾಮಿ. ನನ್ ಮಗ್ಳು ದಡ್ಡಿಯಾ?"

ಮಾರನೆಯ ದಿನವೇ ಹೆಡ್‌ಮಾಸ್ಟರ ಮುಂದೆ ಕೂತೆ. ಟೆಸ್ಟಿನ ಜೊತೆ ಬಂದ ಸೂಚನೆಗಳಲ್ಲಿ, ಲೇಖನದ ಹಾಳೆ ಕೊನೆಯವರೆಗೂ ಮಕ್ಕಳ ಬಳಿಯೇ ಇರಬೇಕು ಎಂದಿತ್ತು. ಟೆಸ್ಟು ಮುಗಿದ ಮೇಲೆ ಅವರ ಮೇಜಿನ ಮೇಲೆ ಓದಿದ್ದೆ. ಹಾಗೆಂದೇ ಹೇಳಿದೆ.

"ಎಲ್ಲಿತ್ತು? ಮೊದಲ ಪುಟದಲ್ಲೋ, ಎರಡನೇದ್ರಲ್ಲೋ?"

ಹೇಳಲಾಗಲಿಲ್ಲ. ನಿಜವಾಗಿ ಓದಿದ್ದೆನೇ? ಇರಬೇಕಾದದ್ದು ಇತ್ತೆಂದು ಮನಸ್ಸೇ ಹೊಸೆದುಕೊಂಡಿತೇ? "ತೆಗೆದು ನೋಡಿಬಿಡೋಣ" ಎಂದೆ.

"ಎಲ್ಲಾ ಸೀಲ್ ಮಾಡಿ ಇಲಾಖೆಗೆ ಕಳಿಸಿಯಾಯ್ತು. 'ನನ್ನ ಜ್ಞಾಪಕ ನಂಬಬೇಡಿ' ಅಂತ ವಾರವಾರ ಪೇಪರಲ್ಲಿ ನೀವೇ ಬರೀತೀರಲ್ರೀ. ಅದನ್ನ ನಂಬ್ಕೊಂಡು ನಾನು ಮಾರ್ಕು ತಿದ್ದಲಾ?"

ಸಂಶಯ ಪಡು ಎಂದು ಯೂನಿವರ್ಸಿಟಿ ನನಗೆ ಕಲಿಸಿತು. ಸಂಶಯ ಬಂದಾಗ ಮೂಲ ತೆಗೆದು ನೋಡು ಎಂದೂ ಕಲಿಸಿತು. ಮೂಲಕ್ಕೇ ಅರಗಿನ ಮುದ್ರೆ ಬಿದ್ದ ಮೇಲೆ ಏನು ಮಾಡಬೇಕು ಎಂಬುದು ಸಿಲಬಸ್ಸಿನಲ್ಲಿರಲಿಲ್ಲ. ಇಲಾಖೆಗೆ ಅರ್ಜಿ ಬರೆದೆ. ಉತ್ತರ ಬರುತ್ತದೆ, ಅಷ್ಟರಲ್ಲಿ ಹುಡುಗಿ ಹತ್ತಾರು ರವಿಕೆ ಹೊಲಿದಿರುತ್ತಾಳೆ.

ಮೊನ್ನೆ ಎಲೆ ತರಲು ಹೋದಾಗ ನಂಜೇಗೌಡರನ್ನು ಕೇಳಿದೆ, "ಏನಂತಾಳೆ ಲಕ್ಷ್ಮಿ?"

"ಏನೂ ಅನ್ನಾಕಿಲ್ಲ ಸ್ವಾಮಿ. ಮೊದ್ಲು ಊರಿಂದ ಕಾಗ್ದ ಬಂದ್ರೆ ಎಲ್ಡೆಲ್ಡ್ ಸಲ ಓದಿ, ಅದು ಅಂಗಲ್ಲ ಅಪ್ಪಾ ಇಂಗೆ, ಅಂತ ಬುಡ್ಸಿ ಏಳೋಳು. ಈಗ ಒಂದ್ಸಲ ಕಣ್ಣಾಡ್ಸಿ, ಗೊತ್ತಾಯ್ತು ತಕೋ ಅಂತ ಕೊಟ್ಬುಡ್ತಾಳೆ."

ಈಗ ಅದೇ ಟೆಸ್ಟಿಗೆ ಕೂರಿಸಿ, ಖಂಡಿತ ಪಾಸಾಗುತ್ತಾಳೆ.