ಹಗ್ಗ ಹಿಡಿದ ಟೈಪಿಂಗ್ ಮಿಸ್

ಬಟ್ಟೆ ಒಣಹಾಕಲು ನೈಲಾನ್ ಹಗ್ಗ ಬೇಕಿತ್ತು. ತುಮಕೂರಿನ ಹಾರ್ಡ್‌ವೇರ್ ಅಂಗಡಿಯವನು ಅಳೆದು ಕತ್ತರಿಸಿ, ತುದಿ ಬಿಚ್ಚಿಕೊಳ್ಳದಿರಲೆಂದು ಬೆಂಕಿಕಡ್ಡಿ ಗೀರಿ ಸುಟ್ಟ. ಆ ಸುಟ್ಟ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಅಂಗಾಲು ಚುರುಗುಟ್ಟಿತು. ಟೈಪಿಂಗ್ ಮಿಸ್ ನೆನಪಾದರು...

ತೊಂಬತ್ತರ ದಶಕದ ಕೊನೆ. ಗುಬ್ಬಿಯಿಂದ ದಿನಾ ತುಮಕೂರಿಗೆ ಬಂದು ಅವರ ಬಳಿ ಟೈಪಿಂಗ್ ಕಲಿಯುತ್ತಿದ್ದೆ. ಮಿಸ್‌ಗೆ ನಲವತ್ತರ ಹತ್ತಿರ, ಒಂಟಿ ಹೆಂಗಸು. ಕಾಲೇಜಿನಲ್ಲಿದ್ದಾಗ ಎನ್‌ಸಿಸಿ ಕ್ಯಾಂಪಿಗೆಂದು ಹಿಮಾಲಯಕ್ಕೆ ಹೋಗಿ ಬಂಡೆ ಹತ್ತುವುದನ್ನು ಕಲಿತು ಬಂದಿದ್ದರು. ಬಸ್ಸಿನಲ್ಲಿ ಎಲ್ಲರೂ ತೆಂಗಿನ ತೋಟ ನೋಡಿದರೆ ಇವರು ಕಲ್ಲು ನೋಡುತ್ತಿದ್ದರು.

"ದೇವರಾಯನದುರ್ಗ ಇದೆ, ಮಧುಗಿರಿ ಇದೆ, ಹುತ್ರಿದುರ್ಗ ಇದೆ. ವರ್ಷದಲ್ಲಿ ಮುಕ್ಕಾಲು ಪಾಲು ಬಿಸ್ಲು, ಬಂಡೆ ಒಣಗೇ ಇರುತ್ತೆ. ಯಾವ್ಯಾವ್ದೋ ಊರೋರು ಬಂದು ಹತ್ತಿ ಹೋಗ್ತಾರೆ ಕಣ್ರೇ, ನಾವು ಕೆಳಗೆ ನಿಂತು ಕೈ ಮುಗೀತೀವಿ!" ಅನ್ನುತ್ತಿದ್ದರು.

ಟೈಪಿಂಗ್ ಹುಡುಗಿಯರದೇ ಒಂದು ತಂಡ ಕಟ್ಟಬೇಕೆಂಬುದು ಅವರ ಆಸೆ. ಮನೆಮನೆಗೆ ಬಂದು ಅಪ್ಪಂದಿರನ್ನು ಒಪ್ಪಿಸಿದ್ದರು. ಮೊದಲ ದಿನವೇ ಯಾರಿಗಾದರೂ ಪೆಟ್ಟಾದರೆ ಇನ್ಯಾವ ಮನೆಯವರೂ ಮಗಳನ್ನು ಕಳಿಸುವುದಿಲ್ಲ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ನಮ್ಮಪ್ಪನ ಷರತ್ತು ಒಂದೇ: ಹೆಬ್ಬೂರಿನ ನನ್ನ ಸೋದರತ್ತೆ ಜೊತೆಗಿರಬೇಕು.

ನಮ್ಮತ್ತೆಯೋ, ದೇವರಿಗೇ ಬುದ್ಧಿ ಹೇಳುವಂಥವಳು. ಹಣ್ಣುಕಾಯಿ ಚೀಲದ ಸಮೇತ ಹೆಬ್ಬೂರಿನಲ್ಲಿ ಬಸ್ ಹತ್ತಿದಳು. ಕುಣಿಗಲ್ ದಾಟಿ ಹುತ್ರಿದುರ್ಗದ ಬುಡ ಸೇರಿದಾಗ ಇನ್ನೂ ತಂಪಿತ್ತು. ಮಿಸ್ ಹಗ್ಗ ಬಿಚ್ಚುವ ಹೊತ್ತಿಗೆ ಅತ್ತೆ ಶುರುಮಾಡಿದಳು.

"ಇವತ್ತು ಶನಿವಾರ. ಹತ್ತೂವರೆವರ್ಗೂ ರಾಹುಕಾಲ. ಆಮೇಲೆ ಹತ್ಲಿ. ಮೇಲೆ ದೇವ್ರವ್ನೆ, ಶೂ ಹಾಕ್ಕಂಡು ತುಳಿಯಕಾಯ್ತದಾ?"

"ಕಲ್ಲು ಕಾದುಬಿಡುತ್ತಮ್ಮ" ಅಂದರು ಮಿಸ್.

"ಕಾದ್ರೆ ಕಾಯ್ಲಿ ಬುಡಿ. ಇಲ್ಲಾಂದ್ರೆ ನಾನು ಹುಡ್ಗೀನ ಕರ್ಕಂಡು ಈಗ್ಲೇ ಹೊಂಟೆ."

ಅತ್ತೆ ಮುನಿಸಿಕೊಂಡು ಹೊರಟರೆ ತಂಡದ ಕಥೆ ಅಲ್ಲಿಗೇ ಮುಗಿದಂತೆ. ಮಿಸ್ ತಾವೇ ಮೊದಲು ಕೂತು ತಮ್ಮ ಶೂ ಲೇಸು ಬಿಚ್ಚಿದರು.

ರಾಹುಕಾಲ ಕಳೆಯಿತು. ಅತ್ತೆ ಕಾಯಿ ಒಡೆದಳು. ಮಿಸ್ ಮೆಟ್ಟಿಲ ದಾರಿಯಲ್ಲಿ ಸುತ್ತಿ ಹೋಗಿ, ಮೇಲಿನ ಮರವೊಂದಕ್ಕೆ ಹಗ್ಗ ಬಳಸಿ ಎರಡೂ ತುದಿ ಕೆಳಗೆ ಬಿಟ್ಟು ಬರುವಷ್ಟರಲ್ಲಿ ಸೂರ್ಯ ನೆತ್ತಿಗೇರಿದ್ದ. ಒಂದು ತುದಿ ನನ್ನ ನಡುವಿಗೆ, ಇನ್ನೊಂದು ಅವರ ಕೈಯಲ್ಲಿ. ಜೊತೆಗೆ ಬಂದಿದ್ದ ಇನ್ನಿಬ್ಬರು ಹುಡುಗಿಯರು ಹಿಂದೆ ಸರಿದರು, ನಾನೇ ಮೊದಲು ಹೊರಟೆ.

ಅರ್ಧ ಬಂಡೆಯವರೆಗೆ ಹುರುಪಿನಲ್ಲಿ ಏನೂ ಗೊತ್ತಾಗಲಿಲ್ಲ. ನಿಂತು ಮುಂದಿನ ಹಿಡಿತ ಹುಡುಕಿದೆ ನೋಡಿ, ಅಂಗಾಲು ಕಾದ ಹೆಂಚಿಗೆ ಅಂಟಿದಂತಾಯಿತು. ಒಂದು ಕಾಲು ಎತ್ತಿದರೆ ಇನ್ನೊಂದು ಜಾರುತ್ತಿತ್ತು. ಅಯ್ಯೋ ಶಿವನೇ! ಮೇಲೆ ಹೋಗಲಾರೆ, ಕೆಳಗೆ ನೋಡಲಾರೆ. ಒಂದು ಸೀಳಿಗೆ ಬೆರಳು ತುರುಕಿ ಬಂಡೆಯನ್ನು ತಬ್ಬಿಕೊಂಡೆ. ಅತ್ತೆಯ ಕಿರುಚಾಟ ಬೆಟ್ಟಕ್ಕೆಲ್ಲ ಕೇಳುತ್ತಿತ್ತು.

"ಕೈ ಬಿಡು" ಅಂದರು ಮಿಸ್.

"ಆಗಲ್ಲ ಮಿಸ್, ಸಾಯ್ತೀನಿ!"

"ಹಗ್ಗ ನನ್ ಕೈಲಿದೆ ಕಣೇ. ಬಿಡು!"

ಬಿಟ್ಟೆ. ಒಂದು ಕ್ಷಣ ಏನೂ ಇಲ್ಲ, ಬರೀ ಗಾಳಿ... ಆಮೇಲೆ ನಡು ಜಗ್ಗಿತು. ಜರ್ರನೆ ಜಾರಿದೆ, ನಿಂತೆ, ಮತ್ತೆ ಜಾರಿದೆ. ನೆಲ ಸಿಕ್ಕಾಗ ನನ್ನ ಅಂಗಾಲಲ್ಲಿ ಬೊಬ್ಬೆಗಳು ಎದ್ದಿದ್ದವು, ಅಷ್ಟೇ. ಅತ್ತೆ ಕುಡಿಯುವ ನೀರನ್ನೆಲ್ಲ ನನ್ನ ಕಾಲಿಗೆ ಸುರಿದು ಅತ್ತಳು.

ಮಿಸ್ ಕಡೆ ಯಾರೂ ನೋಡಿರಲಿಲ್ಲ. ಅವರೂ ಬರಿಗಾಲಲ್ಲಿ ಅದೇ ಕಾದ ಕಲ್ಲಿನ ಮೇಲೆ ನಿಂತಿದ್ದರು. ನನ್ನ ಭಾರ ಬಿದ್ದಾಗ ಕಾಲು ಕದಲಿ, ಹಗ್ಗ ಎರಡೂ ಅಂಗೈ ಸುಲಿದುಕೊಂಡು ಓಡಿತ್ತು. ಅವರು ಬಿಡಲಿಲ್ಲ. ಸುಟ್ಟ ನೈಲಾನ್ ವಾಸನೆ ಬರುತ್ತಿತ್ತು. ಟೈಪ್ ಮಾಡಿ ಅನ್ನ ತಿನ್ನುವ ಕೈಗಳು ಅವು! "ಏನಿಲ್ಲ, ಏನಿಲ್ಲ" ಎನ್ನುತ್ತಾ ಸೆರಗಿನಲ್ಲಿ ಸುತ್ತಿಕೊಂಡರು.

ತಂಡ ಅಲ್ಲಿಗೇ ಮುಗಿಯಿತು. ನಮ್ಮಪ್ಪ ಅವರ ಮುಂದೆ ಬಾಯಿಗೆ ಬಂದಂತೆ ಮಾತಾಡಿದರು. ರಾಹುಕಾಲದ ಮಾತನ್ನು ಮಿಸ್ ಎತ್ತಲೇ ಇಲ್ಲ. ನಾನು ಹೇಳಿದರೂ ಅಪ್ಪ ಕೇಳಲಿಲ್ಲ.

ಎಷ್ಟೋ ವರ್ಷಗಳ ಮೇಲೆ ಕುಣಿಗಲ್ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕರು. ಬಲಗೈಯ ಎರಡು ಬೆರಳು ಪೂರ್ತಿ ಮಡಚುತ್ತಿರಲಿಲ್ಲ. ನನ್ನ ಮಗುವಿನ ಕೆನ್ನೆ ಸವರಿದರು. ಬಸ್ಸು ಬಂತು. ಹತ್ತುವ ಮುಂಚೆ ತಿರುಗಿ ಕೇಳಿದರು.

"ಆಮೇಲೆ ಎಲ್ಲಾದ್ರೂ ಹತ್ತಿದ್ಯೇನೇ?"

"ಇಲ್ಲ ಮಿಸ್."

"ಹೌದಾ..." ಅಂದರು. ಆ ಮುಖ ನನಗೆ ಇವತ್ತಿಗೂ ನೋಡಲಾಗುವುದಿಲ್ಲ.

ಮಿಸ್ ತೀರಿಹೋಗಿ ಈಗ ಬಹಳ ಕಾಲವಾಯಿತು. ನಿಜ ಹೇಳಿದ್ದಕ್ಕೆ ನನಗೆ ನನ್ನ ಮೇಲೇ ಸಿಟ್ಟು ಬರುತ್ತದೆ. ಹತ್ತಿದೆ ಮಿಸ್, ತುದಿವರೆಗೂ ಹೋಗಿದ್ದೆ ಅಂದಿದ್ದರೆ ನನ್ನ ಗಂಟೇನು ಹೋಗುತ್ತಿತ್ತು!